ಮೊದಲ ಉಡಿ

ಖಾನಾಪುರದ ಹೊಳೆ ಓಣಿಗೆ ಹೋಗಿ ಕಾಂತಾ ಹಿರೇಮಠ ಅವರ ಮನೆ ಯಾವುದು ಎಂದು ಕೇಳಿದರೆ ಜನ ತುಸು ತಲೆ ಕೆರೆದುಕೊಳ್ಳುತ್ತಾರೆ. ಕಸಬರಿಗೆ ಕಾಂತಕ್ಕನ ಮನೆ ಎಂದರೆ ಸಾಕು, ತೊದಲು ಮಾತಾಡುವ ಕೂಸು ಕೂಡ ಕೈ ಮಾಡಿ ತೋರಿಸುತ್ತದೆ. ಆ ಹೆಸರನ್ನು ಮೆಚ್ಚಿ ಇಟ್ಟರೋ ಹೆದರಿ ಇಟ್ಟರೋ ಹೇಳುವುದು ಕಷ್ಟ. ಎರಡೂ ಸೇರಿ ಇಟ್ಟಿರಬೇಕು.

ಕಾಂತಕ್ಕ ಹುಟ್ಟಿದ್ದು ಬೈಲಹೊಂಗಲದ ಜಂಗಮರ ಮನೆಯಲ್ಲಿ, ನಾಲ್ಕು ಹೆಣ್ಣುಮಕ್ಕಳಲ್ಲಿ ಮೂರನೆಯವಳಾಗಿ. ಮೂರನೆಯವಳಿಗೆ ಏನು ಸಿಕ್ಕೀತು? ಇಬ್ಬರು ಅಕ್ಕಂದಿರು ಉಟ್ಟು ಬಣ್ಣಗೆಡಿಸಿದ ಲಂಗ ಅವಳಿಗೆ ಬರುತ್ತಿತ್ತು, ಕಿರಿಯಳೆಂಬ ಮುದ್ದು ಅವಳನ್ನು ದಾಟಿ ತಂಗಿಗೆ ಹೋಗುತ್ತಿತ್ತು. ಹೊಟ್ಟೆಕಿಚ್ಚು ಹತ್ತಿಕೊಂಡದ್ದು ಅಲ್ಲಿಯೇ. ಹಬ್ಬದಲ್ಲಿ ಹೋಳಿಗೆ ಬಡಿಸುವಾಗ ತನ್ನ ತಾಟು ಬಿಟ್ಟು ಬೇರೆಯವರ ತಾಟು ನೋಡುವ ಹುಡುಗಿ ಎಂದು ಅವ್ವ ಬೈಯುತ್ತಿದ್ದಳಂತೆ. ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ ನಿಜ. ಹೇಳುವವರ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, ಅಲ್ಲೂ ಬೆಚ್ಚಗೇ ಇರುತ್ತದೆ. ಕಾಂತಕ್ಕ ಅದನ್ನು ಮುಚ್ಚಿಡಲು ಕಲಿಯಲಿಲ್ಲ, ಅಷ್ಟೇ ವ್ಯತ್ಯಾಸ.

ಮದುವೆಯಾಗಿ ಬಂದದ್ದು ಖಾನಾಪುರದ ಅಯ್ಯನವರ ಮನೆಗೆ. ಗಂಡ ಬಸಯ್ಯನದು ಪೇಟೆಯಲ್ಲಿ ಕಿರಾಣಿ ಅಂಗಡಿ. ಅಂಗಡಿಯಲ್ಲಿ ಸಕ್ಕರೆ ತೂಗುವಾಗ ಒಂದು ಚಿಟಿಕೆ ಹೆಚ್ಚು ಹಾಕುವ, ಮನೆಯಲ್ಲಿ ಮಾತಾಡುವಾಗ ಒಂದು ಮಾತು ಕಡಿಮೆ ಆಡುವ ಮನುಷ್ಯ. ಆ ಮನೆಯಲ್ಲಿ ಬಂಗಾರ ಹೇಳಿಕೊಳ್ಳುವಷ್ಟು ಇರಲಿಲ್ಲ. ಆದರೆ ಓಣಿಯ ಬೇರೆ ಯಾವ ಮನೆಗೂ ಇಲ್ಲದ ಒಂದು ಮಾನ ಇತ್ತು. ಅದು ಮೊದಲ ಉಡಿ.

ಮಲಪ್ರಭೆ ಹುಟ್ಟುವುದು ಇದೇ ತಾಲೂಕಿನ ಕಣಕುಂಬಿಯಲ್ಲಿ. ಹೀಗಾಗಿ ಹೊಳೆ ಓಣಿಯವರ ಪಾಲಿಗೆ ಹೊಳೆ ತಾಯಿಯಲ್ಲ, ಮನೆಮಗಳು. ಆಷಾಢದಲ್ಲಿ ಮೈದುಂಬಿ ತವರು ಬಿಟ್ಟು ಹೊರಟ ಮಗಳನ್ನು ಬರಿಗೈಲಿ ಕಳಿಸುವುದುಂಟೇ? ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಅಂಟಿಸಿ, ಮನೆಯಲ್ಲಿ ಕೂಡ್ರಿಸಿ ಹಾಡುತ್ತಾರೆ. ಕೊನೆಯ ಮಂಗಳವಾರ ಓಣಿಯ ಹೆಂಗಸರೆಲ್ಲ ಬುತ್ತಿ ಕಟ್ಟಿಕೊಂಡು, ಗುಳ್ಳವ್ವನನ್ನು ಹೊತ್ತು ಹೊಳೆದಂಡೆಯ ಬಯಲಿಗೆ ಇಳಿಯುತ್ತಾರೆ. ಅಲ್ಲಿ ಉಂಡು, ಹಾಡಿ, ಗುಳ್ಳವ್ವನನ್ನು ನೀರಿಗೆ ಬಿಟ್ಟು, ಹೊಳೆಗೆ ಅಕ್ಕಿ, ಅರಿಷಿಣ ಬೇರು, ಉತ್ತತ್ತಿ, ಕೊಬ್ಬರಿ ಬಟ್ಟಲು, ರವಿಕೆಯ ಖಣ ಇಟ್ಟು ಉಡಿ ತುಂಬುತ್ತಾರೆ. ಮೆರವಣಿಗೆ ಹೊರಡುವುದು ಅಯ್ಯನವರ ಮನೆಯ ಹೊಸ್ತಿಲಿನಿಂದ. ಎಲ್ಲಿಗೆ, ಎಷ್ಟೊತ್ತಿಗೆ ಎಂದು ಹೇಳುವವಳು ಆ ಮನೆಯ ಸೊಸೆ. ಮೊದಲ ಉಡಿಯೂ ಅವಳದೇ. ಹುಟ್ಟಿದಾಗಿನಿಂದ ಎಲ್ಲದರಲ್ಲೂ ಮೂರನೆಯವಳಾಗಿದ್ದ ಕಾಂತಕ್ಕ ವರ್ಷದಲ್ಲಿ ಒಂದು ದಿನ ಮೊದಲನೆಯವಳಾಗುತ್ತಿದ್ದಳು. ಆ ಒಂದು ದಿನದ ಮೇಲೆ ಉಳಿದ ವರ್ಷವನ್ನು ತಳ್ಳುತ್ತಿದ್ದಳು ಎಂದರೂ ತಪ್ಪಿಲ್ಲ.

ಇನ್ನು ಆ ಬಯಲು. ಓಣಿಯ ಕೊನೆಯಿಂದ ಹೊಳೆಯ ಮೆಟ್ಟಿಲುಗಳವರೆಗೆ ಹರಡಿದ ಜಾಗ. ಯಾರೊಬ್ಬರದೂ ಅಲ್ಲ, ಆದ್ದರಿಂದ ಎಲ್ಲರ ಕಸವೂ ಅಲ್ಲಿಗೇ. ಮದುವೆಮನೆಯ ಪತ್ರಾವಳಿ, ಕೋಳಿ ಅಂಗಡಿಯ ಪುಕ್ಕ, ಒಡೆದ ಬಾಟಲಿ. ಒಂದು ವರ್ಷ ಉಡಿ ತುಂಬಲು ಹೋದಾಗ ಕಾಂತಕ್ಕನ ಅಂಗಾಲಿಗೆ ಗಾಜು ಚುಚ್ಚಿತು. ಮರುದಿನ ಕಸಬರಿಗೆ ಹಿಡಿದು ಬಯಲಿಗೆ ಇಳಿದವಳು ಇಪ್ಪತ್ತು ವರ್ಷ ಬಿಡಲಿಲ್ಲ. ಕಸ ಚೆಲ್ಲಲು ಬಂದವರನ್ನು, ಕನ್ನಡದವರಾದರೆ ಕನ್ನಡದಲ್ಲಿ, ಮರಾಠಿಯವರಾದರೆ ಮರಾಠಿಯಲ್ಲಿ ಬೈದು ಓಡಿಸುತ್ತಿದ್ದಳು. ಆ ವಿಷಯದಲ್ಲಿ ಅವಳಿಗೆ ಭೇದಭಾವ ಇರಲಿಲ್ಲ. ಅಂಚಿಗೆ ಹೊಂಗೆ ಸಸಿ ನೆಟ್ಟಳು. ಎಮ್ಮೆ ತಿಂದವು. ಮತ್ತೆ ನೆಟ್ಟಳು. ಇಷ್ಟೆಲ್ಲ ಮಾಡಿದ್ದಕ್ಕೆ ಊರು ಕೊಟ್ಟದ್ದು ಕಸಬರಿಗೆ ಕಾಂತಕ್ಕ ಎಂಬ ಹೆಸರು ಮಾತ್ರ.

ಹೀಗಿರುವಾಗ ಪ್ರಮಿಳಾ ಬಂದಳು.

ಪ್ರಮಿಳಾಳದು ಹಾಲುಮತದ ಮನೆ. ಅತ್ತೆ ಸಿದ್ದಕ್ಕ ಹರೆಯದಲ್ಲಿ ಕುರಿ ಹಿಂಡಿನ ಜೊತೆ ತಿರುಗಿದವಳು. ಗಂಡ ಸೋಮಲಿಂಗ ಬೆಳಗಾವಿಯ ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದಲ್ಲಿದ್ದ. ಮೊದಲು ಪೀರನವಾಡಿಯಲ್ಲಿದ್ದರು. ಅಲ್ಲಿ ಮನೆಯ ಮೇಲೆ ಮನೆ ಎದ್ದು ಗಾಳಿಯಾಡದಂತಾದ ಮೇಲೆ ಹೊಳೆ ಓಣಿಯಲ್ಲಿ ಮನೆ ಕೊಂಡು ಬಂದರು. ಪ್ರಮಿಳಾ ಬಂದ ಹೊಸದರಲ್ಲಿ ಕಾಂತಕ್ಕ ಬಯಲು ಗುಡಿಸುವುದನ್ನು ನೋಡಿ, ತಾನೂ ಸೆರಗು ಸಿಗಿಸಿಕೊಂಡು ಬುಟ್ಟಿ ಹಿಡಿದಳು. ಕಾಂತಕ್ಕನಿಗೆ ಖುಷಿಯೇ ಆಯಿತು. ಕೈಗೊಬ್ಬಳು ಸಿಕ್ಕಳು ಎಂದುಕೊಂಡಳು. ತಾನೇ ಅವಳ ಕೈಯಡಿ ಆಗುತ್ತೇನೆ ಎಂದು ಯಾರು ಎಣಿಸಿದ್ದರು?

ಯಾಕೆಂದರೆ ಪ್ರಮಿಳಾ ಬೈಯುತ್ತಿರಲಿಲ್ಲ, ಕೇಳುತ್ತಿದ್ದಳು. ಕೋಳಿ ಅಂಗಡಿಯವನ ಹತ್ತಿರ ಹೋಗಿ, "ಅಣ್ಣಾ, ನಿಮ್ಮ ಪುಕ್ಕ ಒಯ್ಯಾಕ ಗಾಡಿ ಯಾವಾಗ ಬಂದ್ರ ಅನುಕೂಲ ಆಕ್ಕೈತಿ?" ಎಂದು ಕೇಳಿದಳು. ಅವನು ಮರುವಾರದಿಂದ ಬಯಲಿಗೆ ಬರಲಿಲ್ಲ. ಅವಳ ಅರ್ಜಿಗೆ ಪಟ್ಟಣ ಪಂಚಾಯಿತಿಯವರು ಹೊಳೆಗೆ ಬೀಳುತ್ತಿದ್ದ ಗಟಾರದ ಬಾಯಿ ತಿರುಗಿಸಿದರು. ಮುರಿದ ಮೆಟ್ಟಿಲಿಗೆ ಸಿಮೆಂಟು ಬಂತು. ಎರಡು ದೀಪದ ಕಂಬ ಬಂದವು. ಓಣಿಯ ಹೆಂಗಸರನ್ನೆಲ್ಲ ಕೂಡಿಸಿ ಹೊಳೆದಂಡೆ ಬಳಗ ಎಂದು ಹೆಸರಿಟ್ಟಳು. ಹೊಳೆಗೆ ಖಣ, ಬಳೆ ಬಿಡುವುದು ಬೇಡ, ಅಕ್ಕಿ ಅರಿಷಿಣ ಹೂವು ಸಾಕು, ಖಣವನ್ನು ಬಡ ಹೆಣ್ಣುಮಗಳಿಗೆ ಕೊಡೋಣ ಎಂದಳು. "ಮಗಳನ್ನ ಖಣ ಇಲ್ಲದ ಕಳಸ್ತಾರೇನ?" ಎಂದು ಕಾಂತಕ್ಕ ಎದ್ದು ನಿಂತಳು. ಅವಳ ಹಿಂದೆ ಯಾರೂ ಏಳಲಿಲ್ಲ.

ಒಂದು ದಿನ ಪತ್ರಿಕೆಯಲ್ಲಿ ಫೋಟೋ ಬಂತು. ಹೊಳೆದಂಡೆ ಕಾಯುವ ಮಹಿಳೆ ಎಂದು ಮೇಲೆ ದೊಡ್ಡ ಅಕ್ಷರ, ಕೆಳಗೆ ನಗುತ್ತ ನಿಂತ ಪ್ರಮಿಳಾ. ಕೈಯಲ್ಲಿ ಕಸಬರಿಗೆ. ಅದು ಕಾಂತಕ್ಕನ ಕಸಬರಿಗೆ! ಫೋಟೋದವನು ಬಂದಾಗ ಪ್ರಮಿಳಾಳ ಕೈ ಬರಿದಾಗಿತ್ತು, ಒಂದು ಗಳಿಗೆ ಹಿಡಿ ಎಂದು ಕಾಂತಕ್ಕನೇ ಕೊಟ್ಟಿದ್ದಳು. ಫೋಟೋದ ಅಂಚಿನಲ್ಲಿ ಕಾಂತಕ್ಕನೂ ಇದ್ದಳು, ಮೊಣಕೈವರೆಗೆ.

ಬಸಯ್ಯ ಆ ಪತ್ರಿಕೆಯನ್ನು ಮನೆಗೆ ತಂದ. ತರಬಾರದಿತ್ತು.

"ನೋಡ್ರಿ, ನೋಡ್ರಿ. ಇಪ್ಪತ್ತ ವರ್ಷ ಗುಡಿಸಿದಾಕಿ ಮೊಣಕೈ, ನಿನ್ನೆ ಬಂದಾಕಿ ಮಾರಿ!" ಎಂದು ಕಾಂತಕ್ಕ ಹಂಚನ್ನು ಒಲೆಯ ಮೇಲೆ ಕುಕ್ಕಿದಳು.

"ಕೆಲಸ ಆದ್ರ ಸಾಕಲ್ಲ. ಯಾರ ಮಾರಿ ಬಂದ್ರೇನ?"

"ನಿಮ್ಮ ಅಂಗಡಿ ಬೋರ್ಡ್ ಮ್ಯಾಲ ಬಾಜು ಅಂಗಡಿಯವನ ಹೆಸರ ಬರಸ್ರಿ ಹಂಗಾರ. ವ್ಯಾಪಾರ ಆದ್ರ ಸಾಕಲ್ಲ!"

ಬಸಯ್ಯ ಆಮೇಲೆ ಆ ಮನೆಯಲ್ಲಿ ಪ್ರಮಿಳಾಳ ಹೆಸರೆತ್ತಲಿಲ್ಲ. ಹೆಸರೆತ್ತಿದರೆ ಪಾತ್ರೆ ಭಾಂಡೆಗಳು ಮಾತಾಡುತ್ತಿದ್ದವು.

ಕಾಂತಕ್ಕನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಕಿವುಚಿದಂತಾಗುತ್ತಿತ್ತು. ಪ್ರಮಿಳಾ ನಕ್ಕರೆ ಉರಿ, ನಗದಿದ್ದರೆ ಸೊಕ್ಕು ಎಂದು ಉರಿ. ಆಕೆಯಲ್ಲಿ ಒಂದು ಕೆಟ್ಟ ಗುಣವಾದರೂ ಕಂಡರೆ ಸಮಾಧಾನವಾಗುತ್ತಿತ್ತೋ ಏನೋ. ಆ ಪುಣ್ಯಾತ್ಗಿತ್ತಿ ಅದನ್ನೂ ಇಟ್ಟುಕೊಂಡಿರಲಿಲ್ಲ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಬಯಲಿಗೆ ಕುತ್ತು ಬಂತು. ಗುರುಪುತ್ರಪ್ಪ ಎಂಬ ಗುತ್ತಿಗೆದಾರ ಅಲ್ಲಿ ಮದುವೆ ಮುಂಜಿಗೆ ಬಾಡಿಗೆ ಕೊಡುವ ಮಂಗಲ ಕಾರ್ಯಾಲಯ ಕಟ್ಟಲು ಜಾಗವನ್ನು ಗುತ್ತಿಗೆಗೆ ಕೇಳಿದ್ದ. ಬಯಲು ಪಾಳು ಬಿದ್ದಿದೆ, ಯಾರೂ ಬಳಸುವುದಿಲ್ಲ ಎನ್ನುವುದು ಅವನ ವಾದ. ಬಳಗದವರು ಬೆಳಗಾವಿಗೆ ಹೋಗಿ ತಕರಾರು ಹಾಕಿದರು. ಅಧಿಕಾರಿಯೊಬ್ಬರು ಬಂದು ಕಣ್ಣಾರೆ ನೋಡುವುದು, ಜನ ಬಳಸುತ್ತಿದ್ದರೆ ಬಯಲು ಬಯಲಾಗಿಯೇ ಉಳಿಯುವುದು, ಇಲ್ಲವಾದರೆ ಗುರುಪುತ್ರಪ್ಪನಿಗೆ ಹೋಗುವುದು ಎಂದು ತೀರ್ಮಾನವಾಯಿತು. ಯಾವತ್ತು ಬರುತ್ತಾರೆ ಎನ್ನುವುದು ಮಾತ್ರ ಓಣಿಗೆ ಗೊತ್ತಾಗಲಿಲ್ಲ.

ಕೊನೆಯ ಮಂಗಳವಾರಕ್ಕೆ ವಾರ ಇರುವಾಗ ಬಳಗದ ಸಭೆ ಸೇರಿತು. ಹೂವು ಮಾರುವ ಫಕೀರವ್ವ, ಕಾಂತಕ್ಕನ ಜೊತೆ ಎಷ್ಟೋ ವರ್ಷ ಬಯಲಿಗೆ ಹೋದವಳು, ಎಲೆ ಅಡಿಕೆ ಒಂದು ಕಡೆ ಸರಿಸಿ ಅವಳಿಗೇ ಹೇಳಿದಳು.

"ಅಮ್ಮಾರ, ತಪ್ಪ ತಿಳೀಬ್ಯಾಡ್ರಿ. ಪ್ರಮಿಳಾ ಹೊಳಿಗಾಗಿ ಇಷ್ಟು ಒದ್ದಾಡ್ಯಾಳ. ಈ ವರ್ಷ ಒಂದ ಸಲ ಮೊದಲನೇ ಉಡಿ ಆಕಿ ಕೈಲೆ ತುಂಬಸೂಣು ಅಂತ ನಾವೆಲ್ಲಾರೂ ಮಾತಾಡೇವಿ."

ನಾವೆಲ್ಲಾರೂ. ಅಂದರೆ ತನ್ನ ಬೆನ್ನ ಹಿಂದೆ ಮಾತು ಆಗಿದೆ.

"ಬ್ಯಾಡ್ರೀ ಅಕ್ಕಾರ, ಅದು ನಿಮ್ಮ ಮನಿತನದ್ದು" ಎಂದಳು ಪ್ರಮಿಳಾ, ಗಾಬರಿಯಾಗಿ.

ಇವಳೇ ಬೇಡ ಎನ್ನುವಾಗ ತಾನು ಕೊಡೆನು ಎಂದರೆ ನಾಲ್ಕು ಜನರ ಮುಂದೆ ಸಣ್ಣವರಾಗುವುದು ಯಾರು? ಕಾಂತಕ್ಕ ನಕ್ಕಳು. "ಆಗ್ಲೇಳ್ರಿ, ಅದಕ್ಕೇನ. ಆಕಿ ತುಂಬಲಿ" ಎಂದಳು. ಮನೆಗೆ ಬಂದು ದೇವರ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಅತ್ತದ್ದು ದುಃಖಕ್ಕಲ್ಲ, ಉರಿಗೆ. ಅತ್ತೆ ಸಾಯುವಾಗ ಕೈಯಲ್ಲಿಟ್ಟು ಹೋದದ್ದು ಆ ಮೊದಲ ಉಡಿಯೊಂದೇ ಆಗಿತ್ತು.

ಎದುರು ಮನೆಯವಳಿಗೆ ಅಪಶಕುನವಾಗಲೆಂದು ತನ್ನ ಮೂಗು ಕೊಯ್ದುಕೊಂಡವಳ ಗಾದೆ ಕಾಂತಕ್ಕನಿಗೂ ಗೊತ್ತಿತ್ತು. ಗಾದೆ ಗೊತ್ತಿದ್ದವರ ಮೂಗೆಲ್ಲ ಉಳಿಯುವುದಿದ್ದರೆ ಇನ್ನೇನು ಬೇಕಿತ್ತು? ಮಂಗಳವಾರ ಬೆಳಗಾಗುತ್ತಲೇ ಮಳೆ ಸುರಿಯುತ್ತಿತ್ತು. ಕಾಂತಕ್ಕ ಕೊಡೆ ಹಿಡಿದು ಮನೆಮನೆಗೆ ಹೋದಳು.

"ಹೊಳಿ ಉಕ್ಕಿ ಬಂದೈತಿ. ಹುಡುಗೋರನ್ನ ಕರಕೊಂಡ ಹೋಗೂದ ಬ್ಯಾಡ. ಈ ಸಲ ಗುಳ್ಳವ್ವ ನಮ್ಮ ಅಂಗಳಕ್ಕ."

ಹೊಳೆ ತುಂಬಿತ್ತು, ಉಕ್ಕಿರಲಿಲ್ಲ. ಬಯಲು ಎತ್ತರದಲ್ಲಿದೆ, ಅಲ್ಲಿಗೆ ನೀರು ಬರುವುದಿಲ್ಲ ಎಂದು ಓಣಿಯ ಎಲ್ಲರಿಗೂ ಗೊತ್ತು. ಆದರೆ ಗುಳ್ಳವ್ವ ಎಲ್ಲಿಗೆ ಎಂದು ಹೇಳುವುದು ಅಯ್ಯನವರ ಮನೆ. ಆ ಮಾತಿಗೆ ಹೊಳೆ ಓಣಿಯಲ್ಲಿ ಯಾಕೆ ಎಂದು ಕೇಳುವ ರೂಢಿ ಇಲ್ಲ.

"ಪ್ರಮಿಳಾಗ?" ಎಂದಳು ಫಕೀರವ್ವ.

"ನಾನ ಹೇಳೀನಿ."

ಪ್ರಮಿಳಾಳ ಮನೆಯೊಂದನ್ನು ಬಿಟ್ಟು ಎಲ್ಲ ಮನೆಗೂ ಹೇಳಿದ್ದಳು. ಮೆಟ್ಟಿಲು ಗುಡಿಸಲೆಂದು ಆಕೆ ಪ್ರತಿ ವರ್ಷ ಮೆರವಣಿಗೆಗೆ ಮೊದಲೇ ಇಳಿಯುತ್ತಾಳೆಂದು ಗೊತ್ತಿತ್ತು. ಬಯಲಿನಲ್ಲಿ ಗುಳ್ಳವ್ವನನ್ನು ಹಿಡಿದುಕೊಂಡು ಆಕೆ ಒಬ್ಬಳೇ ಮಳೆಯಲ್ಲಿ ನಿಲ್ಲಲಿ. ಮೊದಲ ಉಡಿಯ ಬೆಲೆ ತಿಳಿಯಲಿ. ಅಷ್ಟೇ ಅವಳ ಆಸೆ.

ಮಧ್ಯಾಹ್ನ ಅಂಗಳ ತುಂಬಿತು. ತಗಡಿನ ಚಪ್ಪರದ ಕೆಳಗೆ ಸಾಲಾಗಿ ಗುಳ್ಳವ್ವಗಳು, ಡಬ್ಬಿ ತುಂಬ ಮಾದಲಿ, ಕರ್ಜಿಕಾಯಿ, ಹುಡುಗಿಯರ ಹಾಡು. ಹೊಳೆಯ ಬದಲು ಹೊಳೆಯ ನೀರು ತುಂಬಿದ ಕೊಡಕ್ಕೆ ಉಡಿ ತುಂಬುವುದೆಂದು ಆಯಿತು. ಹೆಂಗಸರು "ಅಮ್ಮಾರ, ಅಮ್ಮಾರ" ಎಂದು ಅವಳ ಸುತ್ತ ತಿರುಗುತ್ತಿದ್ದರು. ಬಹಳ ದಿನಗಳ ಮೇಲೆ ಕಾಂತಕ್ಕನ ಹೊಟ್ಟೆ ತಣ್ಣಗಾಗಿತ್ತು. ಆದರೂ ನೋಡಬೇಕೆನಿಸಿತು. ಕಣ್ಣಿಂದ ನೋಡದಿದ್ದರೆ ಸುಖ ಪೂರ್ತಿ ಆಗುವುದಿಲ್ಲ. ಹಪ್ಪಳ ತರುವ ನೆಪ ಮಾಡಿ ಮಾಳಿಗೆ ಹತ್ತಿದಳು. ಅಲ್ಲಿಂದ ಬಯಲು ಪೂರ್ತಿ ಕಾಣುತ್ತದೆ.

ಪ್ರಮಿಳಾ ಮೆಟ್ಟಿಲ ಹತ್ತಿರ ನಿಂತಿದ್ದಳು. ಒಂದು ಕೈಯಲ್ಲಿ ಗುಳ್ಳವ್ವ, ಅದು ತೋಯದಂತೆ ಮೇಲೆ ಸೆರಗು. ಪಕ್ಕದಲ್ಲಿ ಕೊಡೆ ಹಿಡಿದ ಅತ್ತೆ ಸಿದ್ದಕ್ಕ. ಕಾಂತಕ್ಕನ ತುಟಿಯಲ್ಲಿ ನಗೆ ಮೂಡುವುದರಲ್ಲಿತ್ತು. ಆಗ ಹೊಂಗೆಯ ಗಿಡಗಳ ಹಿಂದೆ ನಿಂತ ಜೀಪು ಕಂಡಿತು. ಜೀಪಿನ ಮುಂದೆ ಗುರುಪುತ್ರಪ್ಪ. ಅವನ ಪಕ್ಕ ಬಿಳಿ ಅಂಗಿಯ ಒಬ್ಬರು ಖಾಲಿ ಬಯಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಿದ್ದರು. ಪ್ರಮಿಳಾ ಓಣಿಯ ಕಡೆ ಕೈ ಮಾಡಿ ಏನೋ ಹೇಳುತ್ತಿದ್ದಳು. ಹಾಡು ಅಲ್ಲಿಗೂ ಕೇಳಿಸುತ್ತಿರಬೇಕು. ಹೊರಟಿದ್ದಾರೆ, ಈಗ ಬರುತ್ತಾರೆ ಎನ್ನುತ್ತಿರಬೇಕು. ಬಿಳಿ ಅಂಗಿಯವರು ಗಡಿಯಾರ ನೋಡಿಕೊಂಡರು.

ಸೊಂಟದಲ್ಲಿ ಸಿಗಿಸಿದ ಫೋನು ಬಡಿದುಕೊಳ್ಳತೊಡಗಿತು. ನೋಡಿದರೆ ಪ್ರಮಿಳಾ. ಎತ್ತಲಿಲ್ಲ. ಎತ್ತಿ ಏನು ಹೇಳುವುದು? ಈಗಲೂ ಹೊತ್ತಿತ್ತು. ಕೆಳಗೆ ಹೋಗಿ, ಏಳ್ರೆವ್ವಾ, ಬಯಲಿಗೆ ನಡೀರಿ ಎಂದರೆ ಎಲ್ಲರೂ ಓಡುತ್ತಾರೆ. ಆ ಮಾತನ್ನೇ ಬಾಯಲ್ಲಿಟ್ಟುಕೊಂಡು ದಡದಡ ಇಳಿದಳು.

"ಬಂದ್ರೇನ ಅಮ್ಮಾರ? ಬರ್ರಿ, ಬರ್ರಿ" ಎಂದು ಫಕೀರವ್ವ ಉಡಿಯ ತಾಟು ಅವಳ ಕೈಗೆ ಕೊಟ್ಟೇಬಿಟ್ಟಳು. "ಪ್ರಮಿಳಾ ಇನ್ನೂ ಬಂದಿಲ್ಲ. ನೀವ ತುಂಬ್ರಿ. ಖರೇ ಹೇಳ್ಲೇನ, ನಿಮ್ಮ ಕೈಯಾಗ ಇದ್ರನ ಛಂದ."

ಎಲ್ಲರೂ ಹೌದೆಂದರು. ತಾಟು ಕೈಯಲ್ಲಿತ್ತು. ಒಂದು ಉಡಿ ತುಂಬಿ ಹೇಳಿದರಾಯಿತು, ಎಷ್ಟು ಹೊತ್ತಿನ ಕೆಲಸ, ಎಂದುಕೊಂಡಳು ಕಾಂತಕ್ಕ. ಕೊಡಕ್ಕೆ ಅರಿಷಿಣ ಹಚ್ಚಿದಳು, ಕುಂಕುಮ ಇಟ್ಟಳು, ಅಕ್ಕಿ ಹಾಕಿದಳು. ಹುಡುಗಿಯರು ಸೋಬಾನೆ ಹೇಳಿದರು. ಮತ್ತೆ ಮಾಳಿಗೆ ಹತ್ತಿ ನೋಡುವ ಹೊತ್ತಿಗೆ ಜೀಪು ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಪ್ರಮಿಳಾ ಅಂಗಳದ ಬಾಗಿಲಲ್ಲಿ ಬಂದು ನಿಂತಳು. ಸೀರೆಯಿಂದ ನೀರು ಇಳಿಯುತ್ತಿತ್ತು. ಸಾಲಾಗಿ ಕೂತ ಗುಳ್ಳವ್ವಗಳನ್ನು ನೋಡಿದಳು, ಕೊಡ ನೋಡಿದಳು, ಕಾಂತಕ್ಕನನ್ನು ನೋಡಿದಳು.

"ಎಲ್ಲಿಗೆ ಹೋಗಿದ್ದಿ? ಇಲ್ಲೆ ಐತಿ ಅಂತ ಅಮ್ಮಾರ ಹೇಳಿಲ್ಲೇನ ನಿನಗ?" ಎಂದಳು ಫಕೀರವ್ವ.

ಕಾಂತಕ್ಕ ಕೊಡದ ಮೇಲಿನ ಕುಂಕುಮ ತಿದ್ದತೊಡಗಿದಳು.

"ಹೇಳಿದ್ರು" ಎಂದಳು ಪ್ರಮಿಳಾ. "ನಾನ ಮರತ ಬಯಲಿಗೆ ಹೋದೆ."

ಸಿದ್ದಕ್ಕ ಏನೋ ಹೇಳಲು ಬಾಯಿ ತೆರೆದಳು. ಸೊಸೆ ಅವಳ ಕೈ ಹಿಡಿದು ಒತ್ತಿದಳು.

ಸಂಜೆ ಬಸಯ್ಯ ಅಂಗಡಿಯಿಂದ ಬಂದಾಗ ಕಾಂತಕ್ಕ ಕತ್ತಲಲ್ಲಿ ಕುಳಿತಿದ್ದಳು. ಅವನು ಸುದ್ದಿ ಕೇಳಿಯೇ ಬಂದಿದ್ದ. ತಡವರಿಸುತ್ತ ಹೇಳಿದ. ಸಾಹೇಬರು ಮಂಗಳವಾರವೇ ಬರುವುದಾಗಿ ಪ್ರಮಿಳಾಳಿಗೆ ತಿಳಿಸಿದ್ದರಂತೆ. ಜನ ಸೇರಿಸಿ ನಾಟಕ ಮಾಡಬೇಡಿ, ಯಾರಿಗೂ ಹೇಳಬೇಡಿ ಎಂದಿದ್ದರಂತೆ. ಆ ದಿನ ಓಣಿಗೆ ಓಣಿಯೇ ಬಯಲಿನಲ್ಲಿರುತ್ತದೆ, ಕರೆಯುವ ಅಗತ್ಯವೇ ಇಲ್ಲ ಎಂದು ಅವಳು ಒಪ್ಪಿದ್ದಳು. ಮೆರವಣಿಗೆ ಹೊರಡಿಸುವ ಮನೆಗೆ ಮಾತ್ರ ತಿಳಿದಿರಲಿ ಎಂದು ಅಂಗಡಿಗೆ ಬಂದು ಬಸಯ್ಯನ ಕಿವಿಗೆ ಹಾಕಿ ಹೋಗಿದ್ದಳು.

"ನನಗ ಯಾಕ ಹೇಳಲಿಲ್ಲ ನೀವು?" ಎಂದಳು ಕಾಂತಕ್ಕ.

"ಆಕಿ ಹೆಸರ ತಗದ್ರ ಈ ಮನ್ಯಾಗ ಏನಾಕ್ಕೈತಿ ಅಂತ ನಿನಗ ಗೊತ್ತಿಲ್ಲೇನ?"

ಪಶ್ಚಾತ್ತಾಪವಾಯಿತೇ ಎಂದರೆ, ಆಯಿತು. ಆದರೆ ಅದಕ್ಕಿಂತ ಹೆಚ್ಚು ಕೊರೆದದ್ದು ಇನ್ನೊಂದು. ಆ ಹೆಂಗಸು ನಾಲ್ಕು ಜನರ ಮುಂದೆ ತನ್ನ ಮಾನ ಉಳಿಸಿದಳು. ಬೈದಿದ್ದರೆ ಬೈಯಬಹುದಿತ್ತು. ಜಗಳಕ್ಕೆ ಬಂದಿದ್ದರೆ ಜಗಳವಾಡಬಹುದಿತ್ತು. ಒಳ್ಳೆಯತನಕ್ಕೆ ಏನು ಮಾಡುವುದು? ಅದು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು ಎನ್ನಬಹುದಿತ್ತು, ಜಂಗಮರ ಮನೆಯವಳಿಗೆ ಆ ಉಪಮೆ ಸಲ್ಲದು.

ಶ್ರಾವಣ ಹಿಡಿದ ಮೇಲೆ ಬೆಳಗಾವಿಯಿಂದ ಕರೆ ಬಂತು. ಎರಡೂ ಕಡೆಯವರು ಬಂದು ಕೊನೆಯ ಮಾತು ಹೇಳಬೇಕು. ಬಳಗದವರೆಲ್ಲ ಬಸ್ಸು ಹತ್ತಿದರು, ಬಸಯ್ಯನೂ ಬಂದ. ದೈವದ ಆಟ ನೋಡಿ, ಕಾಂತಕ್ಕನಿಗೆ ಸಿಕ್ಕ ಸೀಟು ಪ್ರಮಿಳಾಳ ಬಾಜು. ಪೀರನವಾಡಿ ಬಂದಾಗ ಪ್ರಮಿಳಾ ಕಿಟಕಿಯಿಂದ ಕೈ ತೋರಿಸಿದಳು. ಒಂದಕ್ಕೊಂದು ಹತ್ತಿ ನಿಂತ ಮೂರು ಅಂತಸ್ತಿನ ಮನೆಗಳು.

"ಅಲ್ಲೊಂದ ಬಯಲ ಇತ್ತರಿ ಅಕ್ಕಾರ. ನಮ್ಮ ಅತ್ತಿಯವರು ಕುರಿ ನಿಲ್ಲಸ್ತಿದ್ರು. ಆಮ್ಯಾಲ ಹುಡುಗೂರ 'ಹು ತು ತು' ಆಡತಿದ್ರು. ನಮಗ ಎಚ್ಚರ ಆಗೂದರಾಗ ಪ್ಲಾಟಿನ ಕಲ್ಲ ನೆಟ್ಟಿದ್ರು."

ಕಾಂತಕ್ಕ ಹೂಂ ಎಂದಳು. ಇನ್ನು ತಡೆಯಲಾಗಲಿಲ್ಲ.

"ಅವತ್ತ ಸುಳ್ಳ ಯಾಕ ಹೇಳಿದಿ?"

"ಖರೇ ಹೇಳಿದ್ರ ಓಣಿ ಎರಡ ಭಾಗ ಆಗತಿತ್ರಿ. ಒಡದ ಓಣಿ ಬಯಲ ಉಳಿಸ್ಕೊಳ್ಳೂದಿಲ್ಲ. ಇವತ್ತೂ ಅದನ್ನ ಹೇಳ್ತೀನಿ. ಮಳಿ ಅಂತ ಹೆಣ್ಮಕ್ಕಳಿಗೆ ಓಣ್ಯಾಗ ಕೂಡಾಕ ನಾನ ಹೇಳಿದ್ದೆ, ಅದನ್ನ ಮರತ ಬಯಲಿಗೆ ಬಂದಿದ್ದೆ, ತಪ್ಪ ನಂದು, ಇನ್ನೊಂದ ಸಲ ಬಂದ ನೋಡ್ರಿ ಅಂತ. ನಿಮ್ಮ ಹೆಸರ ಬರೂದಿಲ್ಲ. ನೀವು ನಿಶ್ಚಿಂತಿ ಇರ್ರಿ."

ಕಾಂತಕ್ಕ ನಿಶ್ಚಿಂತೆಯಾಗಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಇವಳ ಹೊಟ್ಟೆಯಲ್ಲಿ ಮಾತ್ರ ಬೆಂಕಿ ಭಗ್ಗೆಂದಿತು. ಪತ್ರಿಕೆಯಲ್ಲಿ ಅವಳ ಮುಖ, ಉಡಿ ಅವಳ ಕೈಯಲ್ಲಿ, ಈಗ ತನ್ನ ತಪ್ಪೂ ಅವಳದೇ! ಬಯಲು ಉಳಿದರೆ ಊರು ಏನನ್ನುತ್ತದೆ? ತಪ್ಪು ಒಪ್ಪಿಕೊಂಡು ಬಯಲು ಉಳಿಸಿದ ಮಹಾತಾಯಿ ಎನ್ನುತ್ತದೆ. ಮಾಡಿದ್ದು ನಾನು, ಪುಣ್ಯ ಇವಳಿಗೆ.

ಕಚೇರಿಯಲ್ಲಿ ಗುರುಪುತ್ರಪ್ಪ ಮೊದಲು ಮಾತಾಡಿದ. "ಸಾಹೇಬ್ರ ಕಣ್ಣಾರೆ ನೋಡ್ಯಾರ್ರಿ. ಹಬ್ಬದ ದಿನಾನೂ ಅಲ್ಲೆ ಒಂದ ನರಪಿಳ್ಳಿ ಇರಲಿಲ್ಲ" ಎಂದು ಕೈ ಮುಗಿದು ಕೂತ. ಬಿಳಿ ಅಂಗಿಯ ಅಧಿಕಾರಿ ತಲೆಯಾಡಿಸಿ ಬಳಗದ ಕಡೆ ನೋಡಿದರು. ಪ್ರಮಿಳಾ ಎದ್ದಳು.

"ಸಾಹೇಬ್ರ, ತಪ್ಪ ನಂದ ಐತ್ರಿ. ಅವತ್ತ ನಾನು…"

"ಏ, ಕುಂದರ ಬೇ ನೀ!"

ಕುರ್ಚಿ ಹಿಂದೆ ಬಿತ್ತು. ಕಾಂತಕ್ಕ ಎದ್ದು ನಿಂತಿದ್ದಳು.

"ಆಕಿದೇನೂ ತಪ್ಪಿಲ್ರಿ. ಅಷ್ಟ ದೊಡ್ಡ ತಪ್ಪ ಮಾಡೂ ತಾಕತ್ತ ಆಕಿಗೆಲ್ಲಿ ಐತಿ? ಮಾಡಿದಾಕಿ ನಾನು. ಮೊದಲನೇ ಉಡಿ ನಂದು, ಅದನ್ನ ಆಕಿಗೆ ಕೊಟ್ರು. ನನ್ನ ಹೊಟ್ಟಿ ಉರೀತು. ಹೊಳಿ ಉಕ್ಕೇತಿ ಅಂತ ಸುಳ್ಳ ಹೇಳಿ ಎಲ್ಲಾರನ್ನೂ ನಮ್ಮ ಅಂಗಳಕ್ಕ ಕರಕೊಂಡೆ. ಆಕಿಗೊಬ್ಬಾಕಿಗೆ ಹೇಳಲಿಲ್ಲ. ನೀವು ಬಂದದ್ದ ಮಾಳಗಿ ಮ್ಯಾಲಿಂದ ನೋಡಿದೆ. ನೋಡೀನೂ ಉಡಿ ತುಂಬಾಕ ಕುಂತೆ. ಬರಕೋರಿ, ಕಾಂತಾ ಬಸಯ್ಯ ಹಿರೇಮಠ. ಹೆಸರ ಸರಿಯಾಗಿ ಬರಕೋರಿ."

ಫಕೀರವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಬಳಗದವರ ಮುಖಗಳು ಒಂದೊಂದಾಗಿ ಗಟ್ಟಿಯಾಗುವುದನ್ನು ಕಾಂತಕ್ಕ ನೋಡಿದಳು. ಬಸಯ್ಯ ಬಗ್ಗಿ, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. ಅಧಿಕಾರಿ ಹೆಸರು ಬರೆದುಕೊಂಡರು. ಆಮೇಲೆ, ಇನ್ನೊಮ್ಮೆ ಬರುತ್ತೇನೆ, ಯಾವತ್ತೆಂದು ಯಾರಿಗೂ ಹೇಳುವುದಿಲ್ಲ, ಈ ಅಮ್ಮನವರಿಗಂತೂ ಹೇಳುವುದೇ ಇಲ್ಲ ಎಂದರು.

ತಿರುಗಿ ಬರುವ ಬಸ್ಸಿನಲ್ಲಿ ಅವಳ ಬಾಜು ಯಾರೂ ಕೂಡ್ರಲಿಲ್ಲ. ಓಣಿಯಲ್ಲಿ ಅವಳ ಮನೆಗೆ ಅರಿಷಿಣ ಕುಂಕುಮಕ್ಕೆ ಬರುವುದನ್ನು ಬಿಟ್ಟರು. ಬಯಲಿಗೆ ಮಾತ್ರ ಎಲ್ಲರೂ ಬಂದರು. ಸಂಡಿಗೆ ಒಣಗಿಸಲು ಬಂದರು, ಮಕ್ಕಳು ಆಡಲು ಬಂದರು, ಮುದುಕರು ಎಲೆ ಅಡಿಕೆ ಹಾಕಲು ಬಂದರು. ಕಾಂತಕ್ಕ ನಸುಕಿನಲ್ಲೇ ಇಳಿಯುತ್ತಿದ್ದಳು, ಪ್ರಮಿಳಾಳಿಗಿಂತ ಮೊದಲು ಬಂದಿರಬೇಕು ಎಂಬ ಒಂದೇ ಹಟಕ್ಕೆ. ಒಂದು ಸಂಜೆ ಬಿಳಿ ಅಂಗಿಯವರು ಜೀಪಿಲ್ಲದೆ, ಸಾದಾ ಮನುಷ್ಯರಂತೆ ನಡೆದು ಬಂದರು. ಕಾಲಿಡಲು ಜಾಗವಿರಲಿಲ್ಲ. ಕೆಲವು ದಿನಗಳಲ್ಲಿ ಆದೇಶ ಬಂತು. ಬಯಲು ಊರಿನದು, ಊರಿಗೇ ಉಳಿಯತಕ್ಕದ್ದು.

ಈ ವರ್ಷ ಹೊಳೆಗೆ ಇನ್ನೂ ಉಡಿ ತುಂಬಿರಲಿಲ್ಲ. ಕೊಡಕ್ಕೆ ತುಂಬಿದ್ದು ಲೆಕ್ಕಕ್ಕಿಲ್ಲ ಎಂದು ಹಿರಿಯರು ಹೇಳಿದರು. ಶ್ರಾವಣದ ಕೊನೆಯ ಸೋಮವಾರ ಓಣಿಯೆಲ್ಲ ಬಯಲಿಗೆ ಇಳಿಯಿತು. ಮೆರವಣಿಗೆ ಹೊರಟದ್ದು ಪ್ರಮಿಳಾಳ ಹೊಸ್ತಿಲಿನಿಂದ. ಕಾಂತಕ್ಕ ತನ್ನ ಉಡಿಯನ್ನು ತಾನೇ ಹಿಡಿದುಕೊಂಡು, ಯಾರೂ ಕರೆಯದೆ, ಹಿಂದೆ ಹಿಂದೆ ಬಂದಳು.

ಮೆಟ್ಟಿಲ ಹತ್ತಿರ ಪ್ರಮಿಳಾ ನಿಂತು ತಿರುಗಿದಳು. ಜನರನ್ನು ಸರಿಸಿಕೊಂಡು ಕಾಂತಕ್ಕನ ಮುಂದೆ ಬಂದು ಉಡಿಯ ಮೊರ ಚಾಚಿದಳು.

"ಅಕ್ಕಾರ, ನೀವ ಮೊದಲ ತುಂಬ್ರಿ."

ಎಲ್ಲರೂ ನೋಡುತ್ತಿದ್ದರು. ಕಾಂತಕ್ಕನ ಕೈಗಳು ಅವಳನ್ನು ಕೇಳದೆಯೇ ಮುಂದೆ ಹೋದವು. ಬೇಕಿತ್ತು, ಜೀವ ಹೋಗುವಷ್ಟು ಬೇಕಿತ್ತು. ಆದರೆ ಈಗ ಹಿಡಿದರೆ ಅದು ಅತ್ತೆ ಕೊಟ್ಟದ್ದಾಗುವುದಿಲ್ಲ, ಪ್ರಮಿಳಾ ಕೊಟ್ಟದ್ದಾಗುತ್ತದೆ. ಬದುಕಿರುವವರೆಗೂ ಆಗುತ್ತದೆ. ಕೈಗಳನ್ನು ಹಿಂದೆ ಎಳೆದುಕೊಂಡಳು.

"ನೀ ಕೊಟ್ಟದ್ದ ನಾ ಯಾಕ ತಗೋಳ್ಲಿ? ತುಂಬು. ಹೊತ್ತಾಗೈತಿ."

ಪ್ರಮಿಳಾ ತಲೆ ಬಗ್ಗಿಸಿ ನೀರಿಗೆ ಇಳಿದಳು. ಅಕ್ಕಿ ಅರಿಷಿಣ ಹೂವು ಮಲಪ್ರಭೆಯ ಕೆಂಪು ನೀರಿಗೆ ಬಿದ್ದು ಸುತ್ತಿ ಹರಿದವು. ಹೆಂಗಸರು ಸೋಬಾನೆ ಎತ್ತಿದರು. ಹಿಂದೆ ಬಯಲಿನ ತುಂಬ ಮಕ್ಕಳ ಕೇಕೆ. ಕಾಂತಕ್ಕನ ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯಿತು.

ಅಷ್ಟು ದಿನ ಮಾತು ಬಿಟ್ಟಿದ್ದ ಫಕೀರವ್ವ ಅದನ್ನು ನೋಡಿದಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಬಯಲ ಉಳೀತಂತ ಕಣ್ಣಾಗ ನೀರ ಬಂದೂವೇನ್ರಿ ಅಮ್ಮಾರ?"

"ಇಲ್ಲವ್ವಾ" ಎಂದಳು ಕಾಂತಕ್ಕ, ಮೂಗು ಒರೆಸಿಕೊಳ್ಳುತ್ತ. "ಹೊಟ್ಟಿಕಿಚ್ಚಿಗೆ ಬಂದಾವು."

ಎರಡನೆಯ ಉಡಿ ತುಂಬಲು ಅವಳು ಮೆಟ್ಟಿಲು ಇಳಿದಳು.